ಇಬ್ಬರಿಗೂ ಕೂರುವ ಲೆನ್ಸು

"ಹಾಗಾದ್ರೆ ನಿಮ್ಮ ದಾರಿ ನಿಮಗೆ, ಅಲ್ವಾ?"

ಕ್ಯಾಮೆರಾ ಅಂಗಡಿಯ ಬಾಗಿಲಲ್ಲೇ ನಿಂತು ಅವಳು ಕೇಳಿದಳು. ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಅವನ ಕೈಯಲ್ಲಿ ಬೇರೆ ಕಂಪನಿಯ ಕ್ಯಾಮೆರಾ!

ಇಬ್ಬರೂ ಒಂದೇ ಸ್ಟುಡಿಯೋದ ಪಾಲುದಾರರು. ಮದುವೆಗಳ ಫೋಟೋ ತೆಗೆಯುವುದು ಕೆಲಸ. ಒಂದೇ ಕಂಪನಿಯ ಕ್ಯಾಮೆರಾ ಆದ್ದರಿಂದ ಅವಳ ಲೆನ್ಸು ಅವನಿಗೆ, ಅವನದು ಅವಳಿಗೆ. ಬೇರೆ ಕಂಪನಿಯದಕ್ಕೆ ಈ ಲೆನ್ಸು ಕೂರುವುದೇ ಇಲ್ಲ. ಒಬ್ಬರು ಕಂಪನಿ ಬದಲಿಸಿದರೆಂದರೆ ಜೊತೆ ಬಿಟ್ಟರೆಂದೇ ಆ ಕಸುಬಿನವರ ಲೆಕ್ಕ.

"ಸ್ವಲ್ಪ ಕೇಳಿ..." ಎಂದ ಅವನು.

"ಏನು ಕೇಳೋದು? ನಮ್ಮಪ್ಪ ನಿಮಗೆ ಕೆಲಸ ಕಲಿಸಿದ್ದು ಇದಕ್ಕೇನಾ? ಕಳ್ಳರ ಹಾಗೆ!"

ಅವನು ಕ್ಯಾಮೆರಾವನ್ನು ಮೆಲ್ಲಗೆ ಕೆಳಗಿಟ್ಟು, ತಲೆ ತಗ್ಗಿಸಿ ಹೊರಟುಹೋದ.

ಅಂಗಡಿಯ ಯಜಮಾನರು ನಿಟ್ಟುಸಿರಿಟ್ಟರು. "ಎಂಥ ಮಾತಂದ್ಬಿಟ್ಟೆ ತಾಯಿ! ದಿನಾ ಬಂದು ನನ್ನ ತಲೆ ತಿಂತಿದ್ದ. 'ಚಿಕ್ಕ ಕೈಗೆ ಹಿಡಿತ ಸಿಗುತ್ತಾ? ಮಣಿಕಟ್ಟು ನೋಯಲ್ವಾ? ಮುಂದೆ ಎಷ್ಟೋ ವರ್ಷ ಇದಕ್ಕೆ ಹೊಸ ಲೆನ್ಸು ಬರುತ್ತಾ?' ಅಂತ. ಅವನ ಕೈ ನೋಡಿದ್ದೀಯಾ, ಮೊರದಗಲ! ಇಷ್ಟು ಚಿಕ್ಕದು ಅವನಿಗ್ಯಾಕೆ? ಹಳೇ ಲೆನ್ಸೆಲ್ಲ ಕೊಟ್ಟು ಇಬ್ಬರಿಗೂ ಇದನ್ನೇ ತಗೋತೀನಿ ಅಂದ."

ಅವಳು ತನ್ನ ಚಿಕ್ಕ ಕೈಯನ್ನೇ ನೋಡಿಕೊಂಡಳು.

ಮಣಿಕಟ್ಟಿನ ನೋವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನು ಕಂಡುಕೊಂಡಿದ್ದ! ಅದಕ್ಕೇ ಪ್ರತಿ ಮದುವೆಯಲ್ಲೂ, ದೂರದಿಂದಲೂ ಚೆಂದದ ಫೋಟೋ ಕೊಡುವ ಭಾರದ ಲೆನ್ಸನ್ನು ತಾನೇ ಎತ್ತಿಕೊಳ್ಳುತ್ತಿದ್ದ. 'ಒಳ್ಳೆ ಫೋಟೋ ಎಲ್ಲ ತಮಗೇ ಬೇಕು ಇವರಿಗೆ' ಎಂದು ಅವಳು ನಾಲ್ಕು ಜನರೆದುರು ಹಂಗಿಸಿದ್ದೂ ಉಂಟು...

'ದೇವರೇ, ಈ ನಾಲಿಗೆಯನ್ನು ಎಲ್ಲಿ ತೊಳೆಯಲಿ?'

ಸ್ಟುಡಿಯೋದಲ್ಲಿ ಅವನು ಹಿನ್ನೆಲೆಯ ಪರದೆ ಸುತ್ತುತ್ತಿದ್ದ. ಅವಳು ಗೋಡೆಗೊರಗಿ ನಿಂತಳು. ತಲೆ ಮೇಲೇಳಲಿಲ್ಲ.

"ಅಷ್ಟು ಜನರ ಮುಂದೆ ನಾನು..."

"ಹೂಂ. ಒಬ್ಬ ಮೊಬೈಲಲ್ಲಿ ವಿಡಿಯೋ ಬೇರೆ ಮಾಡ್ತಿದ್ದ. ಅವನ ಕೈ ನಡುಗ್ತಿತ್ತು, ಸರಿಯಾಗಿ ಬಂದಿರಲ್ಲ ಬಿಡಿ."

ನಗು ಬಂತು, ಅದರ ಹಿಂದೆಯೇ ಅಳು.

"ನಗಿಸಬೇಡಿ! ನಾಚಿಕೆಯಿಂದ ಭೂಮಿಗಿಳಿದು ಹೋಗ್ತಿದ್ದೀನಿ. ಬೈದುಬಿಡಿ ನನ್ನ."

"ನನ್ನದೂ ತಪ್ಪಿದೆ. ಮೊದಲೇ ಹೇಳಬೇಕಿತ್ತು. ಹೆದರಿದೆ."

"ನನ್ನ ಸಿಟ್ಟಿಗಾ?"

"ಅಲ್ಲ. ಇಷ್ಟೆಲ್ಲ ಯಾಕೆ ಮಾಡ್ತೀರಿ ಅಂತ ನೀವು ಕೇಳಿಬಿಟ್ರೆ..."

"ಕೇಳ್ತಿದ್ದೀನಿ."

ಅವನ ಕೈಯಿಂದ ಪರದೆ ಜಾರಿ ನೆಲದುದ್ದಕ್ಕೂ ಬಿಚ್ಚಿಕೊಂಡಿತು. ಅವನು ಎತ್ತಲಿಲ್ಲ.

"ನೀವಿಲ್ಲದೆ ನನಗೆ ಮುಂದಿನ ಯಾವ ವರ್ಷಾನೂ ಎಣಿಸೋಕೆ ಬರಲ್ಲ... ಅದಕ್ಕೆ."

ಅವಳು ಮೊದಲ ಬಾರಿಗೆ ತಲೆಯೆತ್ತಿದಳು.

"ನಾಳೆ ಅಂಗಡಿಗೆ ಹೋಗೋಣ. ಎಷ್ಟು ಜೋರಾಗಿ ಬೈದೆನೋ ಅಷ್ಟೇ ಜೋರಾಗಿ ಹೇಳ್ತೀನಿ."

"ಏನಂತ?"

"ಇವರು ನನ್ನೋರು ಅಂತ."

ಅವನ ಕಿವಿ ಕೆಂಪಾಯಿತು. "ಅಷ್ಟು ಜೋರಾಗಿ ಬೇಡ... ನನಗೊಬ್ಬನಿಗೆ ಕೇಳಿಸಿದ್ರೆ ಸಾಕು."

ಅವಳು ಹತ್ತಿರ ಬಂದು, ಮತ್ತೊಮ್ಮೆ ಹೇಳಿದಳು. ಈ ಸಲ ಬಲು ಮೆಲ್ಲಗೆ.