ಕೂದಲೆಳೆಯಷ್ಟು ತಡ

ಎಮ್ರಿಸ್ ಪ್ರಾಸರ್ ಮೊದಲ ದಿನವೇ ಹೆಸ್ಟರಳ ಕಾಫಿ ಲೋಟ ಒದ್ದು ಬೀಳಿಸಿದ. ಕ್ಷಮೆ ಕೇಳುವ ಬದಲು, ನೆಲದ ಮೇಲೆ ಹರಿಯುತ್ತಿರುವುದು ನಿಜವಾಗಿಯೂ ಕಾಫಿಯೇನಾ ಎಂದು ಬಗ್ಗಿ ನೋಡಿದ. ಮ್ಯಾಂಚೆಸ್ಟರಿನ ಆ ಆರ್ಕೆಸ್ಟ್ರಾದ ಕ್ಯಾಂಟೀನು ಕಂಡವರಿಗೆಲ್ಲ ಬರುವ ಸಂಶಯವೇ. ಹೆಸ್ಟರ್‌ಗೆ ನಗು ತಡೆಯಲಾಗಲಿಲ್ಲ.

ಅವನು ಕಾರ್ಡಿಫ್‌ನಿಂದ ಬಂದಿದ್ದು ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುವವರ ಸಾಲಿನಲ್ಲಿ ಖಾಲಿಯಿದ್ದ ಒಂದು ಕುರ್ಚಿಗಾಗಿ. ಇಲ್ಲಿ ಒಂದು ದಿನದ ಪರೀಕ್ಷೆಯಲ್ಲಿ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಜೊತೆಯಲ್ಲಿ ಕೂರಿಸಿಕೊಂಡು ನೋಡುತ್ತಾರೆ. ಮುಖಕ್ಕೆ ಯಾರೂ ಏನೂ ಹೇಳುವುದಿಲ್ಲ. ಬಿಸ್ಕತ್ತು ಕೊಡುತ್ತಾರೆ, ಮಳೆಯ ಮಾತಾಡುತ್ತಾರೆ. ಕೊನೆಗೆ ಚೆಲ್ಲೊ ಗುಂಪಿನ ಮುಖ್ಯಸ್ಥ ಡೆನ್ಜಿಲ್ ಮೊದಲು ಅಭಿಪ್ರಾಯ ಕೇಳುವುದು ಪಕ್ಕದಲ್ಲಿ ಕೂತವರನ್ನು. ಎಮ್ರಿಸ್‌ನ ಪಕ್ಕ ಕೂತವಳು ಹೆಸ್ಟರ್.

ಇಬ್ಬರಿಗೂ ಸ್ವರಲಿಪಿ ಇಡುವ ಸ್ಟ್ಯಾಂಡು ಒಂದೇ, ಪುಟವೂ ಒಂದೇ. ಪುಟ ತಿರುಗಿಸುವ ಮೊದಲು ಅವನು ಓರೆಗಣ್ಣಿನಲ್ಲಿ ಅವಳನ್ನು ನೋಡುತ್ತಿದ್ದ. ಅವಳ ಕಮಾನು ಎದ್ದರೆ ಅವನದೂ ಏಳುತ್ತಿತ್ತು, ಅವಳು ಉಸಿರೆಳೆದರೆ ಅವನೂ ಎಳೆಯುತ್ತಿದ್ದ. ರಾಗ ತುಂಬಿ ಹರಿಯುವ ಜಾಗಗಳಲ್ಲಿ ಅವನ ನಾದ ಅವಳ ನಾದದ ಕೆಳಗೆ ಹಾಸಿಗೆಯಂತೆ ಹರಡಿಕೊಳ್ಳುತ್ತಿತ್ತು. ಪಕ್ಕದ ಓಲ್ಡಮ್ ಊರಿನ ಬಸ್ ಡ್ರೈವರನ ಮಗಳು ಹೆಸ್ಟರ್, ಶಾಲೆಯವರು ಎರವಲು ಕೊಟ್ಟ ಚೆಲ್ಲೊದಲ್ಲಿ ಕಲಿತು ಇಷ್ಟು ದೂರ ಬಂದವಳು. ಅರ್ಧ ಆಯುಷ್ಯ ನೂರು ಜನರ ನಡುವೆ ನುಡಿಸಿದ್ದಳು. ಅವಳೊಬ್ಬಳನ್ನೇ ಆಲಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಆಲಿಸುತ್ತಿದ್ದುದೇ ತಪ್ಪಾಗಿತ್ತು. ಆರ್ಕೆಸ್ಟ್ರಾದಲ್ಲಿ ಮುಂದೆ ಕೂತವರ ಕಮಾನನ್ನು ನೋಡಿ ನುಡಿಸಬೇಕು; ಪಕ್ಕದವರನ್ನು ಕೇಳಿಸಿಕೊಂಡು ನುಡಿಸಿದವನು ಸದಾ ಕೂದಲೆಳೆಯಷ್ಟು ತಡ. ಹೆಸ್ಟರ್‌ಗೆ ಇದು ಮೊದಲ ವಾರವೇ ಗೊತ್ತಾಗಿತ್ತು. ನಾಳೆ ಹೇಳೋಣ ಎಂದುಕೊಂಡೇ ಚಳಿಗಾಲ ಕಳೆಯಿತು. ಅಷ್ಟರಲ್ಲಿ ಅವನ ಹಲ್ಲುಜ್ಜುವ ಬ್ರಷ್ಷು ಅವಳ ಮನೆಗೆ ಬಂದಿತ್ತು.

ಅವನ ಪರೀಕ್ಷೆಯ ಕೊನೆಯ ಸಂಗೀತ ಕಛೇರಿಯ ದಿನ ಬೆಳಿಗ್ಗೆ ಡೆನ್ಜಿಲ್ ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಎಮ್ರಿಸ್ ಹೇಗೆ ಎಂದು ಕೇಳಿದ. ಎಷ್ಟೋ ಜನರ ಬಗ್ಗೆ ಅವಳು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಳು, ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

"ತಾಳದಲ್ಲಿ ಹಿಂದೆ ಬೀಳ್ತಾನೆ," ಎಂದಳು.

"ಸದ್ಯ, ನೀನೇ ಹೇಳಿದ್ಯಲ್ಲ," ಎಂದ ಡೆನ್ಜಿಲ್. "ನಿಮ್ಮಿಬ್ರ ವಿಷ್ಯ ಗೊತ್ತಿತ್ತು ಕಣಮ್ಮ. ನಾನು ಹೇಗೆ ಬಾಯಿ ಬಿಡೋದು ಅಂತಿದ್ದೆ."

ಮಧ್ಯಾಹ್ನ ಕಾಲುವೆಯ ದಂಡೆಯಲ್ಲಿ ಎಮ್ರಿಸ್ ಸ್ಯಾಂಡ್‌ವಿಚ್ ಮುರಿದು ದೊಡ್ಡ ಭಾಗ ಅವಳಿಗೆ ಕೊಟ್ಟ. ಕಾರ್ಡಿಫ್‌ನ ಕೋಣೆ ಬಿಟ್ಟುಬಿಡುವುದಾಗಿ ಹೇಳಿದ. ಅವಳ ಅಡುಗೆಮನೆಗೆ ಬೇರೆ ಪರದೆ ಬೇಕು, ಈಗಿರುವುದು ಆಸ್ಪತ್ರೆಯದರ ಹಾಗಿದೆ ಎಂದು ಛೇಡಿಸಿದ. ಆಮೇಲೆ, ಬಾತುಕೋಳಿಯೊಂದನ್ನು ನೋಡುತ್ತಾ, ತನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ.

ಹೆಸ್ಟರ್ ಬೆಳಗಿನ ಮಾತನ್ನು ಹೇಳಿದಳು.

ಅವನು ಅವಳ ಕಡೆ ತಿರುಗಿದ. "ನಾನು ನಿನ್ನನ್ನ ಕೇಳಿಸ್ಕೋತಿದ್ದೆ."

"ಗೊತ್ತು."

"ಯಾವಾಗಿಂದ ಗೊತ್ತು?"

"ಶುರುವಿನಿಂದ."

"ಒಂದು ಮಾತು ಹೇಳಿದ್ರೆ ಸರಿ ಮಾಡ್ಕೋತಿದ್ನಲ್ಲ ಹೆಸ್ಟರ್. ಒಂದು ದಿನದ ಕೆಲಸ ಅದು."

"ಹೇಳಿದ್ರೆ ನೀನು ಕೇಳಿಸ್ಕೊಳ್ಳೋದು ನಿಲ್ಲಿಸ್ತಿದ್ದೆ," ಎಂದಳು ಅವಳು. "ನಂಗೆ ಅದು ಬೇಕಿತ್ತು."

ಅವನು ತನ್ನ ಪಾಲಿನ ಬ್ರೆಡ್ಡನ್ನು ಬಾತುಕೋಳಿಗೆ ಹಾಕಿ ಎದ್ದ.

ಸಂಜೆ ಅವನು ಬಂದ. ಒಪ್ಪಿಕೊಂಡ ಕಛೇರಿ ಬಿಡುವ ಜಾತಿಯವನಲ್ಲ. ಕುತ್ತಿಗೆ ನೆಟ್ಟಗೆ ಮಾಡಿ ಕೂತು ಡೆನ್ಜಿಲ್‌ನ ಕಮಾನಿನ ಮೇಲೆ ಕಣ್ಣಿಟ್ಟ. ಮೊದಲ ಸ್ವರದಿಂದಲೇ ಅವನು ಎಲ್ಲರ ಜೊತೆಗಿದ್ದ. ಪಕ್ಕದಲ್ಲೇ ಕೂತಿದ್ದರೂ ಅವನ ನಾದವನ್ನು ಬೇರೆಯಾಗಿ ಗುರುತಿಸಲು ಹೆಸ್ಟರ್‌ಗೆ ಆಗಲಿಲ್ಲ. ಅವಳ ನಾದದ ಕೆಳಗೆ ಏನೂ ಇರಲಿಲ್ಲ.

ವಿರಾಮದಲ್ಲಿ ಡೆನ್ಜಿಲ್ ಅವಳನ್ನು ಪಕ್ಕಕ್ಕೆ ಕರೆದ. "ಏನಮ್ಮಾ ಇದು? ಹೀಗೆ ನುಡಿಸಬಲ್ಲೋನನ್ನ ನಾವಿಬ್ರೂ ಬೇಡ ಅಂದ್ವಲ್ಲ. ಇದೇ ಕುರ್ಚಿಗೆ ಕಾಯ್ತಿದ್ದ ಆ ಲೀಡ್ಸ್ ಹುಡುಗಿಗೆ ಮಧ್ಯಾಹ್ನವೇ ಫೋನ್ ಮಾಡಿ ಹೂಂ ಅಂದ್ಬಿಟ್ಟೆ."

ಕಛೇರಿ ಮುಗಿದ ಮೇಲೆ ಹಿಂಬಾಗಿಲಲ್ಲಿ ಎಮ್ರಿಸ್ ಅವಳಿಗಾಗಿ ಕಾದಿದ್ದ. ಹೆಸ್ಟರ್ ಬೇಗ ಬೇಗ ಹೆಜ್ಜೆ ಹಾಕಿದಳು. ಅವನು ಕೈಗವಸು ಕಳಚಿ, ಸಹೋದ್ಯೋಗಿಗಳು ಮಾಡುವಂತೆ ಕೈ ಚಾಚಿದ.

"ಮುಂದಿನ ವಾರ ಗ್ಲಾಸ್ಗೋದಲ್ಲಿ ಇದೇ ಥರ ಪರೀಕ್ಷೆಗೆ ಕೂರಬೇಕು," ಎಂದ. "ಈ ಸಲ ಕೆಲಸ ಸಿಗುತ್ತೆ ಅನ್ಸುತ್ತೆ. ಥ್ಯಾಂಕ್ಸ್."

ಅವನ ದನಿಯಲ್ಲಿ ಕುಹಕವಿದೆಯೇ ಎಂದು ಹೆಸ್ಟರ್ ಹುಡುಕಿದಳು. ಇರಲಿಲ್ಲ.