ಗೋಂದು ಹಚ್ಚಿದ ಪುಟ

“ಸ್ಟೇರಿಂಗ್ ಹಿಡದೀರೋ, ತೊಟ್ಟಲಾ ತೂಗಾಕತ್ತೀರೋ?”

ಜೀಪು ನಿಂತ ಮೇಲೆ ಸುನಂದಾಳ ಕಿವಿಗೆ ಬಿದ್ದ ಮೊದಲ ಮಾತು ಇದು.

ಗಣೇಶಗುಡಿ ರಸ್ತೆಯ ತಿರುವು. ತೇಗದ ಮರಗಳ ನಡುವೆ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಅವಳು ಸ್ಟೀರಿಂಗನ್ನು ಅರ್ಧ ಸುತ್ತು ತಿರುಗಿಸಿದ್ದಳು, ಆದರೆ ಅಪ್ಪನ ಹಳೆಯ ಮಿಲಿಟರಿ ಜೀಪು ತಿರುಗಿರಲಿಲ್ಲ. ಬ್ರೇಕ್ ಒತ್ತಿದಾಗ ಎದುರಿನ ಬೈಕಿಗೂ ಜೀಪಿನ ಮೂತಿಗೂ ನಡುವೆ ಉಳಿದದ್ದು ಒಂದೇ ಗೇಣು.

ಹಾಗೆ ಕೂಗಿದ ಬೈಕಿನವನು ಇಳಿದು ಬಂದ. ಇನ್ನು ಬೈಗುಳ ಬೀಳುತ್ತದೆ ಎಂದು ಅವಳು ಕಣ್ಣು ಮುಚ್ಚಿದಳು.

ಬೈಗುಳ ಬರಲಿಲ್ಲ… ಕಣ್ಣು ತೆರೆದರೆ ಅವನೂ ಇಲ್ಲ!

“ಅಂಜಬ್ಯಾಡ್ರಿ. ಇದು ನಿಮ್ಮ ತಪ್ಪಲ್ಲ.”

ದನಿ ಜೀಪಿನ ಅಡಿಯಿಂದ ಬಂತು. ತೆವಳಿ ಹೊರಬಂದವನ ಹಣೆಯ ನಟ್ಟನಡುವೆ ಕಪ್ಪು ಎಣ್ಣೆಯ ಒಂದು ಹನಿ, ಯಾರೋ ಬೊಟ್ಟು ಇಟ್ಟ ಹಾಗೆ. ನಗು ಬಂತು. ನಗಲು ಧೈರ್ಯವಾಗದೆ ಸುನಂದಾ ದುಪಟ್ಟಾದ ತುದಿ ಕಚ್ಚಿದಳು.

“ಸ್ಟೇರಿಂಗ್ ಬಾಕ್ಸ್ ಸೋರಾಕತ್ತೈತ್ರಿ. ಎಣ್ಣಿ ಎಲ್ಲಾ ರಸ್ತಾಕ್ಕ ಅಭಿಷೇಕ ಆಗೇತಿ. ದಾಂಡೇಲಿಯೊಳಗ ರಾಜೇಸಾಬ ಚಾಚಾನ ಗ್ಯಾರೇಜ್ ಐತೆಲ್ಲಾ, ಅಲ್ಲೇ ಕೆಲಸ ಮಾಡ್ತೇನಿ. ಜ್ಯೋತಿಬಾ ಅಂತ. ಬೈಕ್ ಇಲ್ಲೇ ಇರ್ಲಿ, ಜೀಪು ನಾ ಹೊಡೀತೇನಿ. ನೀವು ಆ ಕಡೆ ಕುಂದರ್ರಿ.”

ಎಡಗಡೆ ಸ್ಟೀರಿಂಗ್ ಇರುವ ಆ ಜೀಪಿನಲ್ಲಿ ಅವಳು ಬಲಗಡೆ ಸರಿದು ಕುಳಿತಳು. ದಾಂಡೇಲಿ ಬರುವವರೆಗೆ ಅವನು ಸ್ಟೀರಿಂಗನ್ನು ಒಂದಿಷ್ಟೂ ಬಲ ಹಾಕದೆ, ಜ್ವರ ಬಂದ ಮಗುವಿನ ಕೈ ಹಿಡಿದಂತೆ ಹಿಡಿದಿದ್ದ.

‘ಇಷ್ಟು ಮೆತ್ತಗೆ ಕೂಡ ಹಿಡಿಯಬಹುದಾ?’ ಎಂದುಕೊಂಡಳು.

ಮನೆಯಲ್ಲಿ ಅಪ್ಪ ಶಿವಲಿಂಗಪ್ಪನಿಗೆ ಸುದ್ದಿ ತಿಳಿದಾಗ ಸಿಟ್ಟಿಗಿಂತ ಬೇಸರವೇ ಹೆಚ್ಚಾಯಿತು. ಪೇಪರ್ ಮಿಲ್ಲಿನಲ್ಲಿದ್ದಾಗ ಬೆಳಗಾವಿಯ ಮಿಲಿಟರಿ ಹರಾಜಿನಲ್ಲಿ ಹಿಡಿದ ಜೀಪು ಅದು. ಮಗಳಿಗೆ ಗಾಡಿ ಕಲಿಸಿದ್ದೂ ಅದರಲ್ಲೇ.

“ಸಾಕವ್ವಾ ಇದರ ಸಹವಾಸ. ಗಣೇಶಗುಡಿ ಹೋಂಸ್ಟೇದವ್ರು ಅಂಗಳದಾಗ ಶೋಕ್ಕ ಇಡತೇವಿ ಅಂತ ಕೇಳ್ಯಾರ. ಬರೂ ಸೋಮವಾರ ಕೊಟ್ಟುಬಿಡೂಣು.”

ಸುನಂದಾ ತಟ್ಟನೆ ತಲೆಯೆತ್ತಿದಳು. ದೀಪಾವಳಿ ರಜೆ ಮುಗಿದ ಮೇಲೆ ಅವಳು ಕುಂಬಾರವಾಡದ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋಗಬೇಕು. ಆ ದಾರಿಯ ಬಸ್ಸನ್ನು ನಂಬಿ, ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುವ ಶಾಲೆಗೆ ಹೋಗಲಾದೀತೇ? ಜೀಪು ಇಲ್ಲದಿದ್ದರೆ ಕೆಲಸವೂ ಇಲ್ಲ.

“ಅಪ್ಪಾ… ಸೋಮವಾರದೊಳಗ ಸೋರೂದು ನಿಂತ್ರ?”

ಮಗಳು ಎದುರು ಮಾತಾಡಿದ್ದೇ ಅಪರೂಪ. ಅಪ್ಪ ಕನ್ನಡಕದ ಮೇಲಿಂದ ನೋಡಿದ.

“ಒಂದು ಹನಿನೂ ಬೀಳದಿದ್ರ ನಿಂದ ತಗೋ.”

ಮರುದಿನ ಮಧ್ಯಾಹ್ನ ಅವಳು ಎಲ್ಲಿ ಹೋದರೂ ಬಿಡದ ತನ್ನ ಡೈರಿ ಎದೆಗವಚಿಕೊಂಡು ಗ್ಯಾರೇಜಿಗೆ ಹೋದಳು. ತಗಡಿನ ಮಾಡು, ಹಿಂದೆ ಕಾಳಿ ಹೊಳೆಯ ಗಾಳಿ, ಮುಂದೆ ತೇಗದ ಹೊಟ್ಟಿನ ವಾಸನೆ. ಬಿಳಿ ಗಡ್ಡದ ರಾಜೇಸಾಬ ಸ್ಟೂಲಿನ ಮೇಲೆ ಕುಳಿತು ಚಹಾ ಆರಿಸುತ್ತಿದ್ದ.

“ಬಾ ಬೇಟಿ. ಪೇಶೆಂಟ್ ನೋಡಾಕ ಬಂದಿ? ಆಪರೇಶನ್ ಶುರು ಆಗೇತಿ.”

ಜ್ಯೋತಿಬಾ ಸ್ಟೀರಿಂಗ್ ಬಾಕ್ಸಿನ ಮುಚ್ಚಳ ತೆಗೆದಿದ್ದ. ಒಳಗೆ ಎಣ್ಣೆ ಉಳಿದಿರಲಿಲ್ಲ, ಗಟ್ಟಿ ಗ್ರೀಸ್ ತುಂಬಿತ್ತು.

“ನೋಡ್ರಿ, ಸೋರತೈತಂತ ಯಾರೋ ಶಾಣ್ಯಾರು ಗ್ರೀಸ್ ತುರುಕ್ಯಾರ. ಎಣ್ಣಿ ಆದ್ರ ಹರದು ಬಂದು ಬೇರಿಂಗ್ ನೆನಸ್ತೈತಿ. ಗ್ರೀಸು ಒಮ್ಮೆ ಬದೀಗಿ ಸರೀತಂದ್ರ ತಿರುಗಿ ಬರಂಗಿಲ್ಲ. ಒಳಗೊಳಗ ಒಣಗಿ ಸವದು ಹೋಗೇತಿ ಪಾಪ.”

“ಆ ಶಾಣ್ಯಾರು… ನಮ್ಮ ಅಪ್ಪಾರು,” ಎಂದಳು ಸುನಂದಾ ಸಣ್ಣಗೆ.

ಜ್ಯೋತಿಬಾನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಜಾರಿ ಬಿತ್ತು. ರಾಜೇಸಾಬ ಕೆಮ್ಮುತ್ತಾ ನಕ್ಕ. ಸುನಂದಾಳಿಗೂ ನಗು ತಡೆಯಲಾಗಲಿಲ್ಲ. ಅವಳ ನಗು ಇಷ್ಟು ಜೋರಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ!

“ಡೈರಿ ತಂದೀರಲ್ಲಾ, ಬರಕೋರಿ,” ಎಂದ ಅವನು ಕೆಂಪಾದ ಮುಖ ತಗ್ಗಿಸಿ. “ನಾ ಬಿಚ್ಚೂದು, ನೀವು ಬರಿಯೂದು. ಯಾವುದರ ಮ್ಯಾಲೆ ಯಾವುದಿತ್ತು, ಶಿಮ್ಮು ಎಷ್ಟಿದ್ವು… ಒಂದು ಹೆಚ್ಚಾದ್ರ ಸ್ಟೇರಿಂಗ್ ಸಡ್ಲ, ಒಂದು ಕಡಿಮಿ ಆದ್ರ ಬಿಗಿ.”

ಶಿಮ್ಮು ಎಂದರೆ ಮುಚ್ಚಳದ ಕೆಳಗಿನ ಕೂದಲಿನಷ್ಟು ತೆಳು ತಗಡು. ಅವನು ಒಂದೊಂದನ್ನೇ ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದು ಹೇಳುತ್ತಿದ್ದ. ಅವಳು ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ ಬರೆದುಕೊಳ್ಳುತ್ತಿದ್ದಳು. ಜೀವಮಾನದಲ್ಲಿ ಯಾರೂ ಅವಳ ಬರವಣಿಗೆಯನ್ನು ಇಷ್ಟು ನಂಬಿರಲಿಲ್ಲ…

ಮಿಲ್ಲಿನ ಸೈರನ್ ಕೂಗಿತು. ಮೇಲೆ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ರೆಕ್ಕೆಯ ಭಾರವಾದ ಸದ್ದು ಮಾಡುತ್ತಾ ಹೊಳೆ ದಾಟಿತು. ಇಬ್ಬರೂ ಒಟ್ಟಿಗೇ ತಲೆಯೆತ್ತಿದರು, ಒಟ್ಟಿಗೇ ತಗ್ಗಿಸಿದರು.

ಅಂದು ಸಂಜೆ ಹೊಳೆಯ ದಂಡೆಯಲ್ಲಿ ಕುಳಿತು, ಶಿಮ್ಮಿನ ಲೆಕ್ಕ ಬರೆದಿದ್ದ ಹಾಳೆಯ ಹಿಂಬದಿಯಲ್ಲಿ ಅವಳು ಒಂದೇ ಒಂದು ಸಾಲು ಬರೆದಳು. ಬರೆದು, ನೀರಿಗೂ ಕಾಣಬಾರದೆಂಬಂತೆ ಡೈರಿ ಮುಚ್ಚಿದಳು.

ಮೂರು ದಿನ ಹೀಗೇ ಕಳೆದವು. ಶುಕ್ರವಾರ ಹೋದಾಗ ಜ್ಯೋತಿಬಾ ಇರಲಿಲ್ಲ. ಹೊಸ ಆಯಿಲ್ ಸೀಲ್ ತರಲು ಹಳಿಯಾಳಕ್ಕೆ ಹೋಗಿದ್ದ. ರಾಜೇಸಾಬ ಕುಳಿತಲ್ಲೇ ತೂಕಡಿಸುತ್ತಿದ್ದ.

ಬೆಂಚಿನ ಮೇಲೆ ಬಾಕ್ಸಿನ ಪಕ್ಕದ ಮುಚ್ಚಳವಿತ್ತು. ಅದರ ಮೇಲೆ, ಎಣ್ಣೆ ಸೋರದಂತೆ ಮುಚ್ಚಳದಡಿ ಕೂರಿಸಲು ಕತ್ತರಿಸಿದ ಹೊಸ ಪ್ಯಾಕಿಂಗ್. ದಪ್ಪ ಕಾಗದವನ್ನು ಮುಚ್ಚಳದ ಅಂಚಿಗಿಟ್ಟು, ಸುತ್ತಿಗೆಯಿಂದ ಟಕಟಕ ತಟ್ಟಿ ಅದೇ ಆಕಾರಕ್ಕೆ ಕೊಯ್ಯುವುದನ್ನು ಅವಳು ಹಿಂದಿನ ದಿನ ನೋಡಿದ್ದಳು.

ಆದರೆ ಇದರ ಮೇಲೆ ಬಂಗಾರದ ಬಣ್ಣದ ಅಕ್ಷರಗಳಿದ್ದವು!

‘ಚಿ. ಜ್ಯೋತಿಬಾ’… ಆಮೇಲೆ ಕತ್ತರಿಸಿದ ತೂತು. ತೂತಿನ ಆಚೆ ‘ಇವರ ವಿವಾಹ ಮಹೋತ್ಸವಕ್ಕೆ ತಾವು ಸಕುಟುಂಬ…’

ಹುಡುಗಿಯ ಹೆಸರು, ತಾರೀಖು ಎಲ್ಲವೂ ಆ ತೂತಿನೊಳಗೆ ಹೋಗಿದ್ದವು.

ಸುನಂದಾ ಅದನ್ನು ಎರಡು ಸಲ ಓದಿದಳು. ‘ಮದುವೆ ಗೊತ್ತಾಗಿದೆ… ಪತ್ರಿಕೆಯೂ ಅಚ್ಚಾಗಿದೆ. ನಾನು ಏನೇನೋ ಅಂದುಕೊಂಡೆನಲ್ಲ… ಛೆ!’

ಚಾಚಾನನ್ನು ಎಬ್ಬಿಸಿ ಕೇಳಿದ್ದರೆ ಒಂದೇ ನಿಮಿಷದ ಮಾತು. ಕೇಳುವುದೇ ಅವಳಿಗೆ ಬರುತ್ತಿರಲಿಲ್ಲವಲ್ಲ! ಬಾಕ್ಸು ಜೋಡಿಸಲು ಬೇಕಾಗುವ ಶಿಮ್ಮಿನ ಲೆಕ್ಕದ ಹಾಳೆಯನ್ನು ಡೈರಿಯಿಂದ ಹರಿದು, ಪಾನಾದ ಕೆಳಗಿಟ್ಟು, ಸದ್ದಿಲ್ಲದೆ ಹೊರಟುಬಿಟ್ಟಳು.

ಮನೆ ಮುಟ್ಟಿದ ಮೇಲೆ ನೆನಪಾಯಿತು.

ಹಾಳೆಯ ಹಿಂಬದಿ!

ಶನಿವಾರ ಗ್ಯಾರೇಜಿನಿಂದ ಎರಡು ಸಲ ಫೋನ್ ಬಂತು. ಎತ್ತಲಿಲ್ಲ. ಭಾನುವಾರ ತಲೆನೋವೆಂದು ಮಲಗಿದಳು. ‘ಅವರು ಓದಿರುತ್ತಾರೆ. ಓದಿ ನಕ್ಕಿರುತ್ತಾರೆ. ಇಲ್ಲ, ನಗುವವರಲ್ಲ… ಪಾಪ ಎಂದಿರುತ್ತಾರೆ. ಅದು ಇನ್ನೂ ಕೆಟ್ಟದ್ದು.’

ಸೋಮವಾರ ಬೆಳಗ್ಗೆ ಅಂಗಳದಲ್ಲಿ ಜೀಪಿನ ಸದ್ದು.

ಜ್ಯೋತಿಬಾ ಓಡಿಸಿಕೊಂಡು ಬಂದಿದ್ದ. ಪಕ್ಕದಲ್ಲಿ ರಾಜೇಸಾಬ. ಅಪ್ಪ ಹತ್ತಿ ಕುಳಿತು ಓಣಿಯ ತುದಿಯ ತನಕ ಒಂದು ಸುತ್ತು ಹೊಡೆದು ಬಂದ. ಮುಖದಲ್ಲಿ ನಂಬಲಾಗದ ನಗು.

“ಏನಪಾ ಇದು, ಬೆಣ್ಯಾಗ ಕೈ ಆಡಿಸಿದಂಗ ತಿರಗತೈತಿ!”

“ಈಗಽ ಹೌದನ್ನಬ್ಯಾಡ್ರಿ ಕಾಕಾ. ಒಂದು ತಾಸು ನಿಲ್ಲಸೂಣು. ಒಂದು ಹನಿ ಬಿದ್ರೂ ಹೋಂಸ್ಟೇದವ್ರು ಒಯ್ಲಿ.” ಜ್ಯೋತಿಬಾ ಬಾಕ್ಸಿನ ಕೆಳಗೆ ಬಿಳಿಯ ಕಾರ್ಡೊಂದನ್ನು ಹಾಸಿದ. ಹಿರಿಯರಿಬ್ಬರೂ ಚಹಾಕ್ಕೆ ಒಳಗೆ ಹೋದರು.

ಒಂದು ತಾಸು… ಕಾಳಿಯ ಮೇಲಿನ ಮಂಜು ಕರಗಿತು. ಜ್ಯೋತಿಬಾ ಕಟ್ಟೆಯ ಮೇಲೆ ಕುಳಿತಿದ್ದ. ಬಾಗಿಲ ಮರೆಯಲ್ಲಿದ್ದ ಸುನಂದಾ ಕೊನೆಗೆ ತಡೆಯಲಾಗದೆ ಹೊರಬಂದಳು, ಬಗ್ಗಿ ಕಾರ್ಡನ್ನು ಎಳೆದಳು.

ಒಂದು ಹನಿಯೂ ಇರಲಿಲ್ಲ!

ಕಣ್ಣಲ್ಲಿ ನೀರು ತುಂಬಿತು. ಕಾರ್ಡನ್ನು ತಿರುಗಿಸಿದಳು. ಅದೇ ಬಂಗಾರದ ಅಕ್ಷರ, ಈ ಸಲ ತೂತಿಲ್ಲದೆ. ಚಿ. ಜ್ಯೋತಿಬಾ, ಚಿ. ಸೌ. ಸ್ವಪ್ನಾ. ತಾರೀಖು…

ಎರಡು ವರ್ಷದ ಹಿಂದಿನದು.

“ಈ ಮದವಿ…”

“ಆಗಲಿಲ್ರಿ.” ಅವನು ಎದ್ದು ನಿಂತ. “ಆ ಹುಡುಗಿ ಮನಸು ಬ್ಯಾರೆ ಕಡೆ ಇತ್ತು. ಹೇಳಾಕ ಅಂಜಿ, ಪತ್ರಿಕಿ ಅಚ್ಚಾಗೂ ಮಟಾ ಸುಮ್ಮನಿದ್ಲು. ಆಕೀದೇನೂ ತಪ್ಪಿಲ್ಲ. ಆದ್ರ ಒಂದು ಮಾತು ಮೊದಲ ಅಂದಿದ್ರ ಮುನ್ನೂರು ಪತ್ರಿಕಿ ಉಳೀತಿದ್ವು. ದಪ್ಪ ಕಾರ್ಡು, ಎಣ್ಣಿ ಹೀರಂಗಿಲ್ಲ. ಚಾಚಾ ಪ್ಯಾಕಿಂಗಿಗೆ ಇಟಗೊಂಡಾನ.”

ಅವಳ ಮುಖ ನೋಡಿ ಅವನಿಗೆ ತಟ್ಟನೆ ಹೊಳೆಯಿತು. “ನೀವು ಬರೂದು ಬಿಟ್ಟಿದ್ದು… ಇದಕ್ಕೇನ್ರಿ?”

ಕಿಟಕಿಯಿಂದ ರಾಜೇಸಾಬನ ದನಿ ತೂರಿ ಬಂತು. “ಹುಚ್ಚ ಬೇಟಿ! ಹಂಚೂದಕ್ಕಿಂತ ಮೊದಲ ಲಗ್ನಪತ್ರಿಕಿ ಕೊಯ್ಯೂ ಮದುಮಗ ಎಲ್ಲ್ಯರ ಇರ್ತಾನೇನ?”

ಸುನಂದಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೇ ಕೇಳಿದಳು. “ಆ ಹಾಳಿ… ಹಿಂಬದಿ ಓದಿದ್ರೇನ್ರಿ?”

“ಹಿಂದ ಏನರ ಇತ್ತೇನ್ರಿ?” ಅವನು ಗಾಬರಿಯಾದ. “ಎಣ್ಣಿ ಕೈಲೆ ಹಿಡದ್ರ ಹೊಲಸ ಆಗ್ತೈತಂತ ಗೋಂದು ಹಚ್ಚಿ ಗ್ವಾಡಿಗೆ ಅಂಟಿಸಿಬಿಟ್ಟೆ! ಈಗ ಕಿತ್ರ ಹರೀತೈತಿ…”

ಅಂದರೆ ಯಾರೂ ಓದಿಲ್ಲ. ಇನ್ನು ಓದುವುದೂ ಇಲ್ಲ. ಮಾತು ಗೋಡೆಯೊಳಗೆ ಭದ್ರವಾಗಿದೆ… ಸುಮ್ಮನಿದ್ದುಬಿಡಬಹುದು.

ಅವಳು ಕೈಯಲ್ಲಿದ್ದ ಕಾರ್ಡನ್ನು ನೋಡಿದಳು. ಹೇಳದೇ ಉಳಿದ ಒಂದು ಮಾತು, ಮುನ್ನೂರು ಪತ್ರಿಕೆ.

“ಕೀಳಬ್ಯಾಡ್ರಿ. ನಾ ಹೇಳ್ತೇನಿ.” ಈ ಸಲ ಅವಳು ಅವನ ಮುಖ ನೋಡಿಯೇ ಹೇಳಿದಳು. “‘ಈ ಜೀಪು ಲಗೂನ ರಿಪೇರಿ ಆಗೂದು ಬ್ಯಾಡ’ ಅಂತ ಬರದಿದ್ದೆ. ಜೀಪಿಲ್ಲದ ನನಗ ಕೆಲಸಿಲ್ಲ. ಆದ್ರೂ… ಹಂಗ ಬರದಿದ್ದೆ. ನಿಮ್ಮ ಸಲುವಾಗಿ.”

ಜ್ಯೋತಿಬಾ ತಲೆ ತಗ್ಗಿಸಿ ನಕ್ಕ.

“ಅದೆಲ್ಲಾ ಒಂದು ದಿನದ ಕೆಲಸ ಇತ್ರಿ. ಸೀಲ್ ದಾಂಡೇಲಿಯೊಳಗೂ ಸಿಗತಿತ್ತು. ನಾ ಬೇಕಂತ ಹಳಿಯಾಳಕ್ಕ ಹೋಗಿದ್ದೆ.”

ಅವಳ ಕಣ್ಣಿಂದ ತಡೆದಿದ್ದ ಹನಿಯೊಂದು ಕಾರ್ಡಿನ ಮೇಲೆ ಬಿತ್ತು.

“ಅಯ್ಯ, ಅಪ್ಪಾರ ನೋಡಿದ್ರ ಜೀಪು ಸೋರಿತಂತಾರ!” ಎಂದ ಅವನು. ಸುನಂದಾ ಜೋರಾಗಿ ನಕ್ಕಳು.

“ಇನ್ನೊಂದು ಮಾತು,” ಅವನು ಮೆಲ್ಲಗೆ ಹೇಳಿದ. “ಹೊಸ ಪ್ಯಾಕಿಂಗ್ ಒತ್ತಿ ಕುಂದರೂ ಮಟಾ ವಾರಕ್ಕೊಮ್ಮೆ ಬೋಲ್ಟು ನೋಡಬೇಕಾಕ್ಕೈತಿ. ಸಾಲಿ ಸೂಟಿ ಇರ್ತೈತಲ್ಲಾ, ಐತವಾರಕ್ಕೊಮ್ಮೆ ನಾ ಬರ್ತೇನಿ.”

“ಎಷ್ಟು ಐತವಾರ?”

“ಬರಕೋರಿ, ಹೇಳ್ತೇನಿ.”

“ಬರಕೊಳ್ಳೂದಿಲ್ರಿ,” ಎಂದಳು ಸುನಂದಾ. “ಹೇಳ್ರಿ… ನಾ ಕೇಳ್ತೇನಿ.”