ಬಾಯಿಗೆ ಬಾರದ ಹೆಸರು

"ಅಂದಾನಪ್ಪ! ಕಂಪ್ಲಿ ಅಂದಾನಪ್ಪ ಯಾರ್ರೀ? ಜಲ್ದಿ ಒಳಗ ಬರ್ರಿ!"

ಹೊಸಪೇಟೆಯ ಆ ಚಿಕ್ಕ ದವಾಖಾನೆಯಲ್ಲಿ ಕಾಂಪೌಂಡರ್ ಓಬಳೇಶ ಕೂಗಿದರೆ ಎದುರಿನ ಸೈಕಲ್ ಅಂಗಡಿಗೂ ಕೇಳಿಸುತ್ತಿತ್ತು. ಬೆಂಚಿನ ತುದಿಯಲ್ಲಿ ತಲೆ ತುಂಬ ಸೆರಗು ಹೊದ್ದು ಕೂತಿದ್ದ ಕೊಟ್ರಮ್ಮನ ಎದೆ ಧಸಕ್ಕೆಂದಿತು.

ಅಯ್ಯೋ ಶಿವನೇ! ಈ ಮಾರಾಯ ನನ್ನ ಹೆಸರು ಬಿಟ್ಟು ಅವರ ಹೆಸರು ಬರಕೊಂಡಾನಲ್ಲ!

ತಪ್ಪು ಯಾರದೆಂದು ನೀವೇ ಹೇಳಿ. ಚೀಟಿ ಮಾಡಿಸುವಾಗ ಓಬಳೇಶ "ಗಂಡನ ಹೆಸರೇನಮ್ಮ?" ಎಂದು ಕೇಳಿದ್ದ. ತೊಂಬತ್ತೊಂದನೇ ಇಸವಿ ಬಂದಿದ್ದರೂ ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವ ಹೆಂಗಸು ಕಂಪ್ಲಿಯ ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಕೊಟ್ರಮ್ಮ ಮಾತಾಡದೆ ಕೈಚೀಲ ಎತ್ತಿ ತೋರಿಸಿದ್ದಳು. ಅದರ ಮೇಲೆ ಹಸಿರು ಅಕ್ಷರದಲ್ಲಿ 'ಅಂದಾನಪ್ಪ ರೈಸ್ ಮಿಲ್, ಕಂಪ್ಲಿ' ಎಂದು ಅಚ್ಚಾಗಿತ್ತು. ಓಬಳೇಶ ಅಷ್ಟನ್ನೇ ಬರೆದುಕೊಂಡು, ಅವಳ ಹೆಸರು ಕೇಳುವುದನ್ನೇ ಮರೆತಿದ್ದ.

ಅವಳು ಏಳಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಗಂಡುದನಿಯೊಂದು ಕೇಳಿತು.

"ಯಾರ್ರೀ ನನ್ನ ಕರದವ್ರು?"

ಕೊಟ್ರಮ್ಮ ತಲೆ ಎತ್ತಿದಳು. ಹೆಗಲ ಮೇಲೆ ಮಿಲ್ಲಿನ ಹೊಸ ಬೆಲ್ಟನ್ನು ಸುರುಳಿ ಸುತ್ತಿ ಹಾಕಿಕೊಂಡು, ಹಣೆಯ ಬೆವರು ಒರೆಸುತ್ತ ನಿಂತಿದ್ದವನು… ಸಾಕ್ಷಾತ್ ಅವಳ ಗಂಡ!

ಇಪ್ಪತ್ತೆಂಟು ವರ್ಷದ ಸಂಸಾರ ಅವರದು. ಆದರೆ ಆ ಕ್ಷಣ ಇಬ್ಬರೂ ಹೆಣ್ಣು ನೋಡುವ ಶಾಸ್ತ್ರದ ದಿನದಂತೆ ಒಬ್ಬರನ್ನೊಬ್ಬರು ಪಿಳಿಪಿಳಿ ನೋಡಿದರು.

"ನೀ… ತಂಗಿ ಮನಿಗೆ ಹೋಗ್ತೀನಿ ಅಂದಿದ್ದೆಲ್ಲ?"

"ನೀವು ಬೆಲ್ಟ್ ತರಾಕ ಬಳ್ಳಾರಿಗೆ ಹೋಗ್ತೀನಿ ಅಂದಿದ್ರಲ್ಲ?"

"ಇಲ್ಲೇ ಹೊಸಪ್ಯಾಟ್ಯಾಗ ಸಿಕ್ತು. ಹಾದಿಯಾಗ ಹೊಂಟಿದ್ದೆ, ನನ್ನ ಹೆಸರು ಕೇಳಿಸ್ತು." ಅಂದಾನಪ್ಪ ಗೋಡೆಯ ಮೇಲಿನ ಫಲಕ ಓದಿದ. ಹೆಂಗಸರ ಕಾಯಿಲೆ, ನರ ಮತ್ತು ಮನಸ್ಸಿನ ತೊಂದರೆ… ಅವನ ಮುಖದ ಬಣ್ಣವೇ ಇಳಿಯಿತು. "ನಿನಗೇನಾಗೈತಿ ಕೊಟ್ರಿ?"

ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಏನೆಂದು ಹೇಳುವುದು?

ಮುಟ್ಟು ನಿಲ್ಲುತ್ತ ಬಂದಾಗಿನಿಂದ ಅವಳು ಅವಳಾಗಿ ಉಳಿದಿರಲಿಲ್ಲ. ಕೂತಲ್ಲೇ ಮೈಯೆಲ್ಲ ಬೆಂಕಿ ಹೊತ್ತಿಕೊಂಡಂತಾಗುವುದು, ಆಮೇಲೆ ಬೆವರು. ಮಿಲ್ಲು ಶುರುವಾದ ಸದ್ದಿಗೆ ಎದೆ ಡವಡವ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಕಾರಣವಿಲ್ಲದೆ ಅಳು. ಒಂದು ಕಾಲಕ್ಕೆ ಅಕ್ಕಿ ಕಾಳನ್ನು ಹಲ್ಲಲ್ಲಿ ಕಡಿದು ನೋಡಿ ಹಮಾಲರನ್ನೆಲ್ಲ ಗದರಿಸುತ್ತಿದ್ದ ಹೆಂಗಸು ಮಿಲ್ಲಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದಳು. ಸೆಖೆಯೆಂದು ಹಾಸಿಗೆಯನ್ನೂ ಪಡಸಾಲೆಗೆ ಒಯ್ದಿದ್ದಳು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನಾದಿನಿಯ ಮಗಳ ಕುಬಸದಲ್ಲಿ.

ಬಸುರಿಗೆ ಉಡಿ ತುಂಬಿದ ಮೇಲೆ ಮುತ್ತೈದೆಯರು ಒಡಪು ಹೇಳಬೇಕು. ಗಂಡನ ಹೆಸರನ್ನು ಹಾಡಿನಂಥ ಒಂದೆರಡು ಸಾಲಿನಲ್ಲಿ ಹೊಂದಿಸಿ ಹೇಳುವುದು. ವರ್ಷವೆಲ್ಲ ನುಂಗಿಕೊಂಡ ಹೆಸರನ್ನು ಅವತ್ತು ಮಾತ್ರ ಬಾಯಿ ತುಂಬ ಹೇಳಬಹುದು. ಅದರಲ್ಲಿ ಕೊಟ್ರಮ್ಮನನ್ನು ಮೀರಿಸುವವರು ಇರಲಿಲ್ಲ. ಅವಳ ಸರದಿ ಬಂದರೆ ಗಂಡಸರೂ ಬಾಗಿಲ ಹೊರಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಅಂದಾನಪ್ಪನಂತೂ ಎಲ್ಲರಿಗಿಂತ ಮುಂದೆ!

ಆ ದಿನ ಪಕ್ಕದ ಮನೆಯ ಬಸಕ್ಕ, "ಹೇಳವಾ ಕೊಟ್ರಮ್ಮ, ಒಂದು ಮಸ್ತ್ ಒಡಪು!" ಎಂದಳು. ಕೊಟ್ರಮ್ಮ ಬಾಯಿ ತೆರೆದಳು… ಒಂದಕ್ಷರವೂ ಹೊರಡಲಿಲ್ಲ. ನಾಲಿಗೆ ಒಣಗಿ, ಮೈ ಬೆವೆತು, ಎಲ್ಲರೂ ನೋಡುತ್ತಿರುವಂತೆಯೇ ಅಳುತ್ತ ಎದ್ದು ಹೋಗಿದ್ದಳು.

ಬಾಗಿಲಲ್ಲಿ ನಿಂತಿದ್ದ ಅಂದಾನಪ್ಪ ಅಂದಿನಿಂದ ಮಾತು ಕಡಿಮೆ ಮಾಡಿದ್ದ. ಅವಳು ಅದನ್ನು ಕೋಪ ಎಂದುಕೊಂಡಿದ್ದಳು.

---

ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದರು. ಕೊಟ್ರಮ್ಮ ತಡೆತಡೆದು ಹೇಳಿದ್ದನ್ನೆಲ್ಲ ಕೇಳಿ, ಹಿಂದಿನ ವಾರ ಅವಳು ಕಂಪ್ಲಿಯಲ್ಲಿ ಮಾಡಿಸಿದ್ದ ರಕ್ತದ ಪರೀಕ್ಷೆಯ ಚೀಟಿ ನೋಡಿದರು.

"ರಕ್ತದಲ್ಲಿ ದೋಷ ಇಲ್ಲಮ್ಮ. ಈ ವಯಸ್ಸಿನಲ್ಲಿ ದೇಹ ಬದಲಾಗುವಾಗ ಎಷ್ಟೋ ಹೆಂಗಸರಿಗೆ ಮನಸ್ಸೂ ಕುಸಿಯುತ್ತದೆ. ಇದು ಕಾಯಿಲೆ, ನಿಮ್ಮ ತಪ್ಪಲ್ಲ. ಇದಕ್ಕೆ ಒಂದು ಗುಳಿಗೆ ಇದೆ."

"ತೊಗೊಂಡ್ರ… ಬಿಡಾಕ ಬರತೈತೇನ್ರಿ? ಚಟ ಆಗತೈತಿ ಅಂತಾರ…"

"ಚಟ ಆಗೋದಿಲ್ಲ. ಆದರೆ ನಡುವೆ ನೀವೇ ನಿಲ್ಲಿಸಬಾರದು. ಕೆಲವು ತಿಂಗಳಾದ ಮೇಲೆ ನಾನೇ ನಿಧಾನಕ್ಕೆ ಇಳಿಸ್ತೀನಿ. ಗುಣ ಕಾಣೋಕೆ ಎರಡು ಮೂರು ವಾರ ಬೇಕು. ಮೊದಲು ಬಾಯಿ ಒಣಗುತ್ತೆ, ಮಂಪರು ಬರುತ್ತೆ. ಗುಳಿಗೆ ಇಲ್ಲದೆಯೂ ಸ್ವಲ್ಪ ದಿನ ನೋಡಬಹುದು. ಬೇಕೋ ಬೇಡವೋ ಅನ್ನೋದನ್ನ ನೀವು ಯೋಚನೆ ಮಾಡಿ ಹೇಳಿ."

ಕೊಟ್ರಮ್ಮ ಗಂಡನ ಮುಖ ನೋಡಿದಳು. ಒಂದು ಸಲ ಹೂಂ ಅನ್ನಬಾರದೇ ಈ ಮನುಷ್ಯ!

"ಬ್ಯಾಡ!" ಅಂದಾನಪ್ಪ ದಡಕ್ಕನೆ ಎದ್ದ. "ಆ ಗುಳಿಗಿ ನಮ್ಮ ಮನ್ಯಾಗ ಬ್ಯಾಡ!"

ಬೆಲ್ಟನ್ನು ಹೆಗಲಿಗೇರಿಸಿ ಹೊರಟೇಬಿಟ್ಟ. ಕೊಟ್ರಮ್ಮನಿಗೆ ಕಣ್ಣು ತುಂಬಿ ಬಂತು. ನನ್ನ ಜೀವಕ್ಕಿಂತ ಇವರಿಗೆ ಓಣಿಯ ಬಾಯಿ ದೊಡ್ಡದಾಯಿತೇ…?

---

ಇಬ್ಬರನ್ನೂ ಹೊತ್ತು ಅಂದಾನಪ್ಪನ ಸ್ಕೂಟರು ಕಮಲಾಪುರ ದಾಟಿತು. ಎರಡೂ ಕಡೆ ಭತ್ತದ ಹಸಿರು, ಪಕ್ಕದಲ್ಲಿ ತುಂಬಿ ಹರಿಯುವ ಕಾಲುವೆ. ನೀರು ಕಂಡದ್ದೇ ಕೊಟ್ರಮ್ಮ ಮುಖ ತಿರುಗಿಸಿಕೊಂಡಳು.

"ನಿಲ್ಲಿಸ್ರಿ. ಇಲ್ಲೇ ನಿಲ್ಲಿಸ್ರಿ!"

ಅವನು ನಿಲ್ಲಿಸಿದ. ಅವಳು ಇಳಿದು, ಬೇವಿನ ಮರದ ಕೆಳಗೆ ಕಾಲುವೆಗೆ ಬೆನ್ನು ಮಾಡಿ ನಿಂತಳು.

"ಅಷ್ಟು ನಾಚಿಕಿ ಆತೇನ್ರಿ ನನ್ನಿಂದ? ಜನ ಹುಚ್ಚಿ ಅಂತಾರ ಅಂತ ಹೆದರಿಕಿನಾ? ಹಂಗಿದ್ರ ಧಾರವಾಡದ ಹುಚ್ಚಾಸ್ಪತ್ರಿಗೆ ಬಿಟ್ಟು ಬರ್ರಿ, ನಿಮ್ಮ ಮಾನ ಉಳೀತೈತಿ!"

"ಕೊಟ್ರಿ! ಏನ್ ಮಾತಂತ ಆಡ್ತೀ!"

"ಮತ್ಯಾಕ ಬ್ಯಾಡ ಅಂದ್ರಿ?"

ಅಂದಾನಪ್ಪ ಮರಕ್ಕೆ ಒರಗಿ ಕೂತುಬಿಟ್ಟ. ಐವತ್ತೈದರ ಗಂಡಸು, ಊರಲ್ಲಿ ನಾಲ್ಕು ಜನ ಕೈಮುಗಿಯುವ ಮಿಲ್ ಮಾಲೀಕ, ಪೆಟ್ಟು ತಿಂದ ಮಗುವಿನ ಹಾಗೆ ಕಾಣುತ್ತಿದ್ದ.

"ನಮ್ಮ ಅಕ್ಕ… ಮರುಳಸಿದ್ದಮ್ಮ."

"ನಿಮ್ಮ ಅಕ್ಕ ಜ್ವರ ಬಂದು ತೀರಿಕೊಂಡ್ರು ಅಂತ ಅತ್ತಿ ಹೇಳಿದ್ರಲ್ಲ?"

"ಜ್ವರ ಅಲ್ಲ. ನಿನ್ನಂಗ ಆಕಿಗೂ ಮನಸ್ಸು ಕುಸಿದಿತ್ತು. ಭಾಳ ಅಳ್ತಿದ್ಲು. ನಮ್ಮ ಮನಿಯಾಗ ದೊಡ್ಡವ್ರು ಯಾವನ ಹತ್ರನೋ ಮಂಪರಿನ ಔಷಧಿ ತಂದು, ಹೇಳದ ಕೇಳದ ಹಾಲಿನಾಗ ಕಲಸಿ ಕೊಟ್ರು. ಅಳೋದು ನಿಂತು… ನಗೋದೂ ನಿಂತು! ದಿನಾ ಹೊಸ್ತಿಲದಾಗ ಕುಂತಿರ್ತಿದ್ಲು, ನಾ ಕರದ್ರೂ ತಿರುಗಿ ನೋಡ್ತಿರ್ಲಿಲ್ಲ. ಹಂಗ ಕುಂತು ಕುಂತು ಹೋಗಿಬಿಟ್ಲು." ಅವನ ದನಿ ಒಡೆಯಿತು. "ನೀನೂ ಹಂಗಾದ್ರ ನಾ ಯಾರನ್ನ ಮಾತಾಡಸ್ಲಿ, ಕೊಟ್ರಿ?"

ಅವಳ ಕೋಪ ಅಲ್ಲೇ ಇಳಿದುಹೋಯಿತು. ನಾಚಿಕೆಯಲ್ಲ, ಹೆದರಿಕೆ! ಇಷ್ಟು ವರ್ಷ ಈ ಮನುಷ್ಯ ಇದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದನೇ?

"ಮತ್ತ… ಆ ಕುಬಸದ ದಿನದಿಂದ ಯಾಕ ಮಾತು ಬಿಟ್ರಿ?"

"ನೀ ನನ್ನ ಹೆಸರು ತೊಗೊಳ್ಳಲಿಲ್ಲ. ಹಾಸಿಗಿನೂ ಬ್ಯಾರೆ ಮಾಡ್ಕೊಂಡಿ. ನಾ ಬ್ಯಾಡಾಗೀನಿ ಅಂದ್ಕೊಂಡೆ."

"ಅಯ್ಯ, ನನ್ನ ಶಿವನ!" ಅವಳು ಅಳುತ್ತಲೇ ನಕ್ಕಳು. "ಹೆಸರು ಎದಿಯಾಗ ಇತ್ತು ರೀ… ಬಾಯಿಗೆ ಬರಲಿಲ್ಲ. ನಾ ಏನ್ ಮಾಡ್ಲಿ!"

ಅವಳು ಅವನ ಪಕ್ಕದಲ್ಲಿ ಕೂತಳು. ಡಾಕ್ಟರಮ್ಮನಿಗೂ ಹೇಳದೆ ಮುಚ್ಚಿಟ್ಟ ಮಾತೊಂದು ಇನ್ನೂ ಉಳಿದಿತ್ತು. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು.

"ಹೋದ ವಾರ ನಮ್ಮೂರ ಕಾಲುವಿ ಮೆಟ್ಲ ಮ್ಯಾಲ ನಿಂತಿದ್ದೆ. ಇಳಿದುಬಿಟ್ರ ಎಲ್ಲಾ ತಣ್ಣಗಾಗತೈತಿ ಅನ್ನಿಸ್ತು… ಹೆದರಿಕಿ ಆಗಿ ಓಡಿ ಬಂದೆ. ಅದಕ್ಕ ಈ ದವಾಖಾನಿ ಹುಡುಕ್ಕೊಂಡು ಬಂದೀನಿ. ನನಗ ಬದುಕಬೇಕು ರೀ."

ಅಂದಾನಪ್ಪ ಅವಳ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಾದಿಯಲ್ಲಿ ಕಬ್ಬಿನ ಲಾರಿಯವನು ಹಾರನ್ ಹೊಡೆದು ನಗುತ್ತ ಹೋದ. ಹಿಡಿದ ಕೈ ಅವನು ಬಿಡಲಿಲ್ಲ.

"ಅಕ್ಕನ್ನ ಯಾರೂ ಕೇಳಲಿಲ್ಲ," ಎಂದ ನಿಧಾನವಾಗಿ. "ನಾನೂ ಇವತ್ತು ನಿನ್ನ ಕೇಳದನ ಬ್ಯಾಡ ಅಂದೆ. ಈಗ ಕೇಳ್ತೀನಿ. ನಿನಗ ಏನು ಬೇಕು, ಕೊಟ್ರಿ?"

ಅವಳು ಕಣ್ಣೊರೆಸಿಕೊಂಡಳು. ಯಾರೋ ಈ ಪ್ರಶ್ನೆ ಕೇಳಲಿ ಎಂದೇ ಇಷ್ಟು ದಿನ ಕಾದಿದ್ದಳೇನೋ, ಉತ್ತರಕ್ಕೆ ತಡವಾಗಲಿಲ್ಲ.

"ಗುಳಿಗಿ ತೊಗೊಂತೀನಿ. ಹಾಲಿನಾಗ ಅಲ್ಲ, ನನ್ನ ಕೈಯಾರ. ನಾ ಕಲ್ಲಾದಂಗ ಕಂಡ್ರ ನೀವು ಹೇಳ್ರಿ, ಡಾಕ್ಟರಮ್ಮನ್ನ ಕೇಳೂಣು. ಮುಚ್ಚುಮರಿ ಮಾತ್ರ ಬ್ಯಾಡ."

"ಕುಂದರು," ಎಂದ ಅಂದಾನಪ್ಪ, ಸ್ಕೂಟರನ್ನು ಹೊಸಪೇಟೆಯ ಕಡೆಗೇ ತಿರುಗಿಸಿ.

---

ಕಾಲುವೆಯ ಮಾತನ್ನು ಡಾಕ್ಟರಮ್ಮನಿಗೆ ಕೊಟ್ರಮ್ಮ ತಾನೇ ಹೇಳಿದಳು. ಅವರು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು ಕೂತರು.

"ಒಳ್ಳೆ ಕೆಲಸ ಮಾಡಿದ್ರಿ, ಹೇಳಿದ್ರಿ. ಇವತ್ತಿಂದಲೇ ಶುರು ಮಾಡೋಣ. ಅಂದಾನಪ್ಪನವರೇ, ಗುಳಿಗೆ ನಿಮ್ಮ ಹತ್ತಿರ ಇರಲಿ, ಇವರನ್ನ ಒಬ್ಬರೇ ಬಿಡಬೇಡಿ. ವಾರ ವಾರ ಕರೆದುಕೊಂಡು ಬನ್ನಿ. ಮತ್ತೆ ಆ ಯೋಚನೆ ಬಂದರೆ ವಾರದವರೆಗೆ ಕಾಯಬೇಡಿ, ಆಗಲೇ ಬನ್ನಿ."

ಕತೆ ಇಲ್ಲಿಗೆ ಸುಖವಾಯಿತು ಅಂದುಕೊಂಡಿರಾ? ಇಲ್ಲ! ಮೊದಲ ವಾರವಂತೂ ಸಾಕುಬೇಕಾಯಿತು. ಬಾಯಿ ಒಣಗಿ ಬೆಂಡಾಯಿತು, ಒಲೆ ಮುಂದೆ ಕೂತಲ್ಲೇ ತೂಕಡಿಕೆ.

"ಏನೂ ಗುಣ ಕಾಣವಲ್ದು. ಬಿಟ್ಟುಬಿಡ್ತೀನಿ ರೀ!"

"ಡಾಕ್ಟರಮ್ಮ ಮೊದ್ಲ ಹೇಳ್ಯಾರಲ್ಲ ಲೇ. ತೊಗೋ, ಮಜ್ಜಿಗಿ ಕುಡಿ." ಮಿಲ್ಲಿನ ಗದ್ದಲದ ನಡುವೆಯೂ ಅಂದಾನಪ್ಪ ಚೊಂಬು ಹಿಡಿದು ಬರುತ್ತಿದ್ದ. ತನ್ನ ಹಾಸಿಗೆಯನ್ನೂ ಪಡಸಾಲೆಗೆ ತಂದು ಹಾಸಿದ್ದ, ಪಕ್ಕದಲ್ಲಿ ಒಂದು ಬೀಸಣಿಕೆ. ಆಗಾಗ ಅವಳ ಮುಖವನ್ನೇ ದಿಟ್ಟಿಸಿ ಕೂರುತ್ತಿದ್ದ. "ಕೊಟ್ರಿ?" "ಹೂಂ, ಇಲ್ಲೇ ಅದೀನಿ ರೀ." ಅಷ್ಟು ಕೇಳಿದರೆ ಅವನಿಗೆ ಸಮಾಧಾನ.

ಬಸಕ್ಕ ವಾಸನೆ ಹಿಡಿಯದೆ ಇರುತ್ತಾಳೆಯೇ? "ಅಲ್ಲವಾ, ಹುಚ್ಚಿನ ಗುಳಿಗಿ ಅಂತಲ್ಲ?" ಎಂದು ಪಿಸುಗುಟ್ಟಿದಳು.

ಕೊಟ್ರಮ್ಮನ ಎದೆ ಹೊಡೆದುಕೊಂಡಿತು. ಆದರೂ ತಲೆ ತಗ್ಗಿಸಲಿಲ್ಲ. "ಮನಸ್ಸಿನ ಗುಳಿಗಿ ಬಸಕ್ಕ. ನೀ ನಿನ್ನ ಬೀಪಿ ಗುಳಿಗಿ ಮುಚ್ಚಿಟ್ಟು ನುಂಗ್ತಿ ಏನು? ನಾನೂ ಮುಚ್ಚಿಡಂಗಿಲ್ಲ." ಬಸಕ್ಕ ಚಹಾ ಕುಡಿದು ಸುಮ್ಮನೆ ಎದ್ದು ಹೋದಳು.

ನಾಲ್ಕನೇ ವಾರದ ಒಂದು ಬೆಳಗ್ಗೆ ಮಿಲ್ಲು ಶುರುವಾಯಿತು. ಎದೆ ಡವಡವ ಅನ್ನಲಿಲ್ಲ. ಕೊಟ್ರಮ್ಮ ತಾನಾಗಿ ಎದ್ದು ಒಳಗೆ ಹೋಗಿ, ಹಿಡಿ ಅಕ್ಕಿ ಎತ್ತಿ, ಎರಡು ಕಾಳು ಬಾಯಿಗೆ ಹಾಕಿಕೊಂಡು ಕಡಿದಳು.

"ಮೂಕಣ್ಣ! ಇದೇನಪ್ಪ, ಅಕ್ಕಿನೋ ನುಚ್ಚೋ? ಹಸಿ ಭತ್ತ ಸುರುವೀರಲ್ಲ, ಕಣ್ಣು ಎಲ್ಲಿಟ್ಟಿದ್ರಿ ಎಲ್ಲಾರೂ!"

ಹಮಾಲ ಮೂಕಣ್ಣ ಬೆಪ್ಪಾಗಿ ನಿಂತ. ಅಂದಾನಪ್ಪ ಮಾತ್ರ ಧೂಳು ಬಿದ್ದವನಂತೆ ಕಣ್ಣು ಉಜ್ಜಿಕೊಳ್ಳುತ್ತ ನಗುತ್ತಿದ್ದ.

"ಬೈಯಿ ಲೇ! ಇನ್ನೂ ನಾಕು ಬೈಯಿ!"

---

ಮುಂದಿನ ವಾರ ಮತ್ತೆ ಅದೇ ದವಾಖಾನೆ, ಅದೇ ಬೆಂಚು. ಸೆಖೆಯ ಅಲೆ ಈಗಲೂ ಬರುತ್ತಿತ್ತು, ಒಂದೊಂದು ದಿನ ಮನಸ್ಸು ಮಂಕಾಗುತ್ತಿತ್ತು. ಆದರೆ ಕಾಲುವೆಯ ಕಡೆ ಕೊಟ್ರಮ್ಮ ಈಗ ಭತ್ತ ನೋಡಲು ಹೋಗುತ್ತಿದ್ದಳು, ಗಂಡನ ಜೊತೆ.

ಹಳೆ ಚೀಟಿ ತುಂಬಿತ್ತು. ಓಬಳೇಶ ಹೊಸದು ತೆಗೆದ.

"ಹೆಸರು ಹೇಳ್ರಿ."

"ಕೊಟ್ರಮ್ಮ."

"ಗಂಡನ ಹೆಸರು?… ಇರ್ಲಿ, ಚೀಲ ತೋರಿಸ್ರಿ, ನೋಡಿ ಬರಕೊಂತೀನಿ."

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಕೊಟ್ರಮ್ಮ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಸೆರಗು ಸರಿಮಾಡಿಕೊಂಡು, ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದ ಗಂಡನಿಗೆ ಕೇಳುವ ಹಾಗೆ ದನಿ ಎತ್ತಿದಳು.

"ಕಾಲುವಿಗೆ ನೀರು ಬಂತು, ಗದ್ದಿಗೆ ಹಸಿರು ಬಂತು,
ಬಾಡಿದ ಮಾರಿಗೆ ನಗಿ ಬಂತು,
ಅಂದಾನಪ್ಪನವರ ಹೆಸರು ನನ್ನ ಬಾಯಿಗೆ ತಿರುಗಿ ಬಂತು!"

ಬೆಂಚಿನ ಹೆಂಗಸರು "ಭೇಷ್ ಭೇಷ್" ಎಂದರು. ಓಬಳೇಶ ಬರೆಯುವುದನ್ನೇ ಮರೆತ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಅಂದಾನಪ್ಪ ಹಾಗೆಯೇ ಒಳಗೆ ಬಂದು ಹೆಂಡತಿಯ ಪಕ್ಕ ಕೂತ. ಅವನ ಕಣ್ಣು ತುಂಬಿತ್ತು.

"ಇನ್ನೊಮ್ಮೆ ಹೇಳು, ಕೊಟ್ರಿ."

"ಯಾಕ, ಕೇಳಸ್ಲಿಲ್ಲೇನು?"

"ಕೇಳಿಸ್ತು. ಅದಕ್ಕ ಇನ್ನೊಮ್ಮೆ ಬೇಕು."

ಕೊಟ್ರಮ್ಮ ಸೆರಗಿನ ಮರೆಯಲ್ಲಿ ಅವನ ಬೆರಳು ಹಿಡಿದುಕೊಂಡಳು. ಅವನ ಕಿವಿಯ ಹತ್ತಿರ ಬಾಗಿ, ಈ ಸಲ ಒಡಪೂ ಇಲ್ಲದೆ, ಬರಿಬಾಯಲ್ಲಿ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು.

"ಅಂದಾನಪ್ಪ…"